ನೆಂಟನಿಗೆ ಕೊಟ್ಟ ಪಾಸ್‌ವರ್ಡ್

ಮಧ್ಯಾಹ್ನ ಗಾಳಿ ತಿರುಗಿತು. ಕಂದಾವು ದ್ವೀಪದ ತೆಂಗಿನ ಗರಿಗಳೆಲ್ಲ ಯಾರನ್ನೋ ಕರೆಯುವಂತೆ ಸಮುದ್ರದ ಕಡೆಗೆ ಕೈಚಾಚಿದವು. ಬೆಳಿಗ್ಗೆ ದೋಣಿ ತೆಗೆದುಕೊಂಡು ಹೋದ ಮೊಸೆಸೆ ಇನ್ನೂ ಬಂದಿರಲಿಲ್ಲ.

ದೋಣಿ ಎಲ್ಲಿದೆಯೆಂದು ತೋರಿಸುವ ಆ್ಯಪ್ ಅವನ ಹೆಂಡತಿ ಉನೈಸಿಯ ಫೋನಿನಲ್ಲೇ ಇತ್ತು. ತೆರೆಯಹೋದರೆ, ಖಾತೆಗೆ ಬೀಗ ಬಿದ್ದಿದೆ ಎಂದಿತು. ಅವಳು ಬರಿಗಾಲಲ್ಲೇ ಮೀನುಗಾರರ ಸಂಘಕ್ಕೆ ಓಡಿದಳು. ಅಲ್ಲಿ ಆ ಆ್ಯಪ್‌ನ ಸರ್ವರ್ ನೋಡಿಕೊಳ್ಳುವವಳು ಅವಳ ಅಣ್ಣನ ಮಗಳು ಕೆಲೆರಾ.

"ನಿಮ್ ಸರ್ವರ್‌ಗೆ ಬೆಂಕಿ ಬೀಳ! ನನ್ ಗಂಡ ನೀರಲ್ಲವ್ನೆ, ಇದು ನನ್ನನ್ನೇ ಕಳ್ಳಿ ಅಂತಿದೆ!"

"ಕೂತ್ಕೊ ಅತ್ತೆ. ಪಾಸ್‌ವರ್ಡ್ ಯಾರಿಗಾದ್ರೂ ಕೊಟ್ಟಿದ್ಯಾ?"

"ಯಾರಿಗ್ ಕೊಡ್ಲಿ?" ಎಂದ ಉನೈಸಿಗೆ ತಟ್ಟನೆ ನೆನಪಾಯಿತು. "ವಿಲಿಮೋನಿಗೆ ಕೊಟ್ಟೆ. ಅವನ ಫೋನಲ್ಲಿ ಮೀನಿನ ಧಾರಣೆ ನೋಡೋ ಆ್ಯಪ್‌ಗೆ ಸಂಘದ ಪಾಸ್‌ವರ್ಡ್ ಬೇಕು ಅಂದ. ಚಿಕ್ಕಪ್ಪನ ಮಗ ಬಾಯಿಬಿಟ್ಟು ಕೇಳಿದ್ಮೇಲೆ ನಮ್ಮಲ್ಲಿ ಯಾರಾದ್ರೂ ಇಲ್ಲ ಅಂತಾರಾ? ಆದ್ರೆ ಆಮೇಲೆ ಬದಲಾಯಿಸಿದೀನಲ್ಲ!"

"ಅದೇ ಆಗಿರೋದು. ಅವನ ಆ್ಯಪ್‌ಗೆ ಹಳೇದೇ ಗೊತ್ತು. ಅದನ್ನೇ ಹೇಳ್ಕೊಂಡು ಸರ್ವರ್ ಬಾಗಿಲು ಬಡೀತಾನೇ ಇದೆ. ಯಾರೋ ಕಳ್ಳ ಬಂದ ಅಂತ ಸರ್ವರ್ ನಿನ್ ಖಾತೆಗೆ ಬೀಗ ಹಾಕ್ತು."

ಕೆಲೆರಾ ಬೀಗ ತೆಗೆದಳು. ಉನೈಸಿ ಪಾಸ್‌ವರ್ಡ್ ಒತ್ತಿ ಮುಗಿಸುವಷ್ಟರಲ್ಲಿ ಮತ್ತೆ ಬೀಗ ಬಿತ್ತು.

"ಅವನು ಅಳಿಸೋವರ್ಗೂ ಹೀಗೇ. ಫೋನ್ ಮಾಡು ಅತ್ತೆ!"

ಫೋನು ಬಡಿದುಕೊಳ್ಳುತ್ತಲೇ ಇತ್ತು. ತಲೆಯ ಮೇಲೆ ತಗಡು ಗಡಗಡಿಸಿತು. ಕೊನೆಗೂ ವಿಲಿಮೋನಿ ಎತ್ತಿಕೊಂಡ.

"ಏನಕ್ಕಾ, ಈ ಗಾಳೀಲಿ ಮೀನಿನ ರೇಟ್ ಬೇಕಾ?"

"ನಿನ್ ರೇಟು ಹಾಳಾಗ! ನನ್ ಪಾಸ್‌ವರ್ಡ್ ಅಳಿಸು ಮೊದ್ಲು. ನಿಮ್ ಭಾವ ನೀರಲ್ಲವ್ನೆ!"

ಅವನು ಅಳಿಸಿದ, ಕೆಲೆರಾ ಮತ್ತೆ ಬೀಗ ತೆಗೆದಳು. ಈ ಸಲ ನಕ್ಷೆ ತೆರೆಯಿತು. ಹವಳದ ದಿಬ್ಬದಾಚೆ ಒಂದು ಪುಟ್ಟ ಚುಕ್ಕೆ, ಅಲುಗದೆ ನಿಂತಿತ್ತು.

"ಎಂಜಿನ್ ಕೆಟ್ಟಿದೆ," ಎಂದಳು ಉನೈಸಿ.

ಸಂಘದ ದೊಡ್ಡ ದೋಣಿ ಹೊರಟಿತು. ದಡದಲ್ಲಿ ನಿಂತು ಕಾಯುವಾಗ ಉನೈಸಿ ಮೆಲ್ಲನೆ ಕೇಳಿದಳು: "ಹಂಗಾದ್ರೆ ಬೇರೆ ಆ್ಯಪ್ ಹಾಕ್ಕೊಳ್ಳಲೇಬಾರ್ದಾ?"

"ಹಾಕ್ಕೋ. ಹೊಸಬರು ಊರಿಗೆ ಬಂದ್ರೆ ಏನ್ಮಾಡ್ತಾರೆ? ಅರೆದು ಕುಡಿಯೋ ಯಂಗೋನಾ ಬೇರು ಕಾಣಿಕೆ ತಂದು ಮೊದ್ಲು ಹಿರಿಯರ ಮುಂದೆ ಇಡ್ತಾರೆ. ಅವರು ಒಪ್ಪಿದ್ಮೇಲೇ ಉಳಿದ ಮನೆಗಳು. ಆ್ಯಪ್ಪೂ ಹಂಗೇ, ನಿನ್ನನ್ನ ನಮ್ ಸರ್ವರ್ ಪುಟಕ್ಕೆ ಕರ್ಕೊಂಡು ಬರ್ಬೇಕು. ಅಲ್ಲಿ ಮಾತ್ರ ಪಾಸ್‌ವರ್ಡ್ ಒತ್ತು. ಸರ್ವರ್ ಆ ಆ್ಯಪ್‌ಗೆ ಅದರ ಕೆಲಸಕ್ಕೆ ಬೇಕಾದಷ್ಟೇ ಪರವಾನಗಿ ಕೊಡುತ್ತೆ. ಬೇಡ ಅನ್ಸಿದ್ರೆ ಅದೊಂದನ್ನೇ ವಾಪಸ್ ತಗೋಬಹುದು. ವಿಲಿಮೋನಿ ತನ್ನ ಖಾತೇಲೇ ಬರ್ಲಿ."

ಕತ್ತಲಾಗುವ ಮೊದಲು ಮೊಸೆಸೆ ತೊಯ್ದು ತೊಪ್ಪೆಯಾಗಿ ದಡ ಹತ್ತಿದ. ಅವನನ್ನು ಇಳಿಸಿಕೊಳ್ಳಲು ಓಡಿಬಂದಿದ್ದ ವಿಲಿಮೋನಿಯ ಕೈಯನ್ನು ಉನೈಸಿ ಹಿಡಿದುಕೊಂಡಳು.

"ತಮ್ಮಾ, ಬಲೆ ಕೇಳು, ದೋಣಿ ಕೇಳು, ಕೊಡ್ತೀನಿ. ಪಾಸ್‌ವರ್ಡ್ ಮಾತ್ರ ಕೇಳ್ಬೇಡ."

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಪಾಸ್‌ವರ್ಡ್ ಯಾವ ಯಾವ ಆ್ಯಪ್‌ಗಳಲ್ಲಿ ಕೂತಿದೆ? ಇವತ್ತೇ ನೋಡಿ, ಬೇಡದ್ದನ್ನು ಅಳಿಸಿ. ಇನ್ನು ಮುಂದೆ ಅದನ್ನು ನಿಮ್ಮ ಖಾತೆಯಿರುವ ಸರ್ವರ್‌ನ ಪುಟದಲ್ಲಷ್ಟೇ ಒತ್ತಿ. ಗಾಳಿ ಏಳುವ ಮೊದಲೇ ಮಾಡಿ.