ಮಜ್ಜಿಗೆಯಲ್ಲಿ ತೊಳೆದ ಕೈ

ದೇವವ್ವ ಹಿತ್ತಲಲ್ಲಿ ಕುಂತು ಮತ್ತೊಮ್ಮೆ ಕೈಗೆ ಮಜ್ಜಿಗೆ ಸುರುವಿಕೊಂಡು ತಿಕ್ಕತೊಡಗಿದಳು.

“ಹೊರಗ ಅತ್ತಿ ಹೆಣ ಐತಿ, ನೀ ಇಲ್ಲಿ ಕೈ ತಿಕ್ಕೊಂತ ಕುಂತಿಯೇನ?” ನೆರೆಮನೆಯ ಮುಮ್ತಾಜಬಿ ಬಂದು ನಿಂತಳು.

“ಉರಿ ಹೋಗವಲ್ದು, ಅಕ್ಕಾ.”

ಹೇಗೆ ಹೋದೀತು? ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣವಷ್ಟೇ, ಖಾರವಿಲ್ಲ ಅನ್ನುವ ಶಾಣ್ಯಾರು ಒಂದು ದಿನ ರಾಶಿಯ ಮುಂದೆ ಕುಂತು ತೊಟ್ಟು ಬಿಡಿಸಿ ನೋಡಬೇಕು. ನಿನ್ನೆ ಸಂಜೆತನಕ ಅತ್ತೆ ಸೊಸೆ ಅದನ್ನೇ ಮಾಡುತ್ತಿದ್ದರು. ಅತ್ತೆ ಹೊಳಿಯವ್ವ ಕುಡಿಯಲು ನೀರು ಕೇಳಿದಳು, ತಂಬಿಗೆ ಬರುವುದರೊಳಗೆ ರಾಶಿಯ ಮೇಲೆ ವಾಲಿದಳು. ಅಷ್ಟಕ್ಕೇ ಮುಗಿಯಿತು ಆ ಜೀವ.

ಅಂಗಳದಲ್ಲಿ ಹೊಳಿಯವ್ವನ ತಮ್ಮ ತಿರಕಪ್ಪ ಮೇಲೆ ನೋಡಿದ. “ಹೊತ್ತು ಇಳ್ಯಾಕತ್ತೈತಿ. ಇನ್ನ ಕಾಯೂದು ಬ್ಯಾಡ, ಎತ್ರಿ.”

“ಅವ್ರು ಬರ್ಲಿ, ಮಾವಾ,” ದೇವವ್ವ ಒದ್ದೆ ಕೈಯಲ್ಲೇ ಓಡಿ ಬಂದಳು. “ಒಬ್ಬನ ಮಗ. ಅವ್ವಗ ಮಣ್ಣು ಕೊಡಬ್ಯಾಡೇನ? ಜೈಲಿಂದ ಅವ್ರನ್ನ ಕರಕೊಂಡು ಬರೂ ಅಪ್ಪಣೆ ತರಾಕ ಓಣ್ಯಾಗಿನ ಫಕ್ಕೀರೇಶ ಮುಂಜಾನೆನ ಹಾವೇರಿ ಕೋರ್ಟಿಗೆ ಹೋಗ್ಯಾನ.”

“ಕೋರ್ಟಿನವ್ರು ಬಿಡಬೇಕಲ್ಲ, ಯವ್ವಾ.”

ಎಲ್ಲರಿಗೂ ಸಾಕಾಗಿತ್ತು. ಎತ್ತಿದರು.

*

ದೇವವ್ವನ ಗಂಡ ಮೈಲಾರೆಪ್ಪ ಮೆಣಸಿನಕಾಯಿ ಪೇಟೆಯಲ್ಲಿ ಹಮಾಲಿ ಮಾಡುತ್ತಿದ್ದ. ಒಂದು ಜಗಳದಲ್ಲಿ ಕೈಯಲ್ಲಿದ್ದ ಚೀಲದ ಕೊಕ್ಕೆ ಬೀಸಿಬಿಟ್ಟ, ಎದುರಿನವನು ಉಳಿಯಲಿಲ್ಲ. ಅಂದಿನಿಂದ ತಿಂಗಳಿಗೊಮ್ಮೆ ಅತ್ತೆ ಸೊಸೆ ಹಾವೇರಿ ಜೈಲಿಗೆ ಹೋಗಿ ಬರುತ್ತಿದ್ದರು. ಅದಕ್ಕೆ ಎರಡು ದಿನ ಮೊದಲೇ ಹೊಳಿಯವ್ವ ಕೂಲಿ ಬಿಡುತ್ತಿದ್ದಳು. ಮಜ್ಜಿಗೆ, ಸೇಂಗಾ ಎಣ್ಣೆ, ಒಲೆಯ ಬೂದಿ, ಸಿಕ್ಕಿದ್ದರಲ್ಲೆಲ್ಲ ಕೈ ತಿಕ್ಕುತ್ತಿದ್ದಳು. ಬೆರಳನ್ನು ತನ್ನ ಕಣ್ಣಿಗೇ ಒತ್ತಿ ನೋಡಿ, ಉರಿಯದಿದ್ದರೆ ಮಾತ್ರ ಬಸ್‌ಸ್ಟ್ಯಾಂಡಿಗೆ ಹೊರಡುತ್ತಿದ್ದಳು.

“ಕೂಲಿ ಹೋದ್ರ ಹೋಗ್ಲಿ. ಸರಳಿನ ಸಂದ್ಯಾಗ ಅವನ ಮಾರಿ ಮುಟ್ಟಬೇಕಲ್ಲ,” ಅನ್ನುತ್ತಿದ್ದಳು. “ಅವಗ ಹೇಳಬ್ಯಾಡ ಮತ್ತ.”

ಅವಳು ಮಗನ ಮುಖ ಸವರುವುದರೊಳಗೆ ಭೇಟಿಯ ಹೊತ್ತು ಮುಗಿಯುತ್ತಿತ್ತು. ಹಿಂದೆ ನಿಂತ ದೇವವ್ವನಿಗೆ ಗಂಡನ ಕಿವಿ ಕಂಡರೆ ಪುಣ್ಯ. ಸಿಟ್ಟೂ ಬರುತ್ತಿತ್ತು, ಕರುಳೂ ಚುರ್ರೆನ್ನುತ್ತಿತ್ತು.

*

ಜೀಪು ಬಂದಾಗ ಹೆಣವನ್ನು ಕುಣಿಗೆ ಇಳಿಸಿಯಾಗಿತ್ತು. ಮೈಲಾರೆಪ್ಪನ ಬಲಗೈಯನ್ನು ಒಬ್ಬ ಪೊಲೀಸನ ಎಡಗೈಗೆ ಸೇರಿಸಿ ಬೇಡಿ ಹಾಕಿದ್ದರು. ಅವನು ಬಿಡುವಿದ್ದ ಕೈಯಿಂದ ಮಣ್ಣು ಹಿಡಿಯಲು ಬಗ್ಗಿದ.

“ಎಡಗೈಲೆ ಬ್ಯಾಡೋ!” ತಿರಕಪ್ಪ ಕೂಗಿದ.

ಬಲಗೈಯಿಂದಲೇ ಕೊಟ್ಟ. ಜೊತೆಗೆ ಪೊಲೀಸನೂ ಬಗ್ಗಬೇಕಾಯಿತು. ಮೈಲಾರೆಪ್ಪನ ಕಣ್ಣಲ್ಲಿ ಒಂದು ಹನಿ ಇಲ್ಲ, ಮುಖದ ತುಂಬ ದಾರಿಯ ಧೂಳು.

ಹತ್ತು ಜನರೆದುರು ಗಂಡನನ್ನು ಮುಟ್ಟುವುದು ನಾಚಿಕೆಯ ಮಾತೇ. ಆದರೂ ದೇವವ್ವ ಮುಂದೆ ಬಂದು, ಅತ್ತೆ ಸವರುತ್ತಿದ್ದ ಹಾಗೆಯೇ ಹಣೆಯಿಂದ ಕಣ್ಣಿನ ಮೇಲೆ, ಅಲ್ಲಿಂದ ಕೆನ್ನೆಗೆ ಸವರಿದಳು.

ಮೈಲಾರೆಪ್ಪ ಗಕ್ಕನೆ ಕಣ್ಣು ಮುಚ್ಚಿದ. ನೀರು ದಳದಳ ಇಳಿಯಿತು.

“ಉರೀತೇನ್ರಿ? ತಿಕ್ಕೀ ತಿಕ್ಕೀ ತೊಳದಿದ್ನಿ...” ದೇವವ್ವ ಗಾಬರಿಯಾಗಿ ಕೈ ಹಿಂದಕ್ಕೆ ತೆಗೆದಳು.

“ಅವ್ವನ ಕೈ ಹಿಂಗ ಉರೀತಿದ್ದಿಲ್ಲಲ್ಲ?”

“ನಿಮ್ಮ ಮಾರಿ ಮುಟ್ಟಾಕಂತ ಎರಡೆರಡು ದಿನ ಕೂಲಿ ಬಿಟ್ಟು ತೊಳಕೊಂತಿದ್ರು. ನಿಮಗ ಹೇಳಬ್ಯಾಡ ಅಂದಿದ್ರು.”

ಮೈಲಾರೆಪ್ಪ ಬಲಗೈ ಚಾಚಿ ಅವಳ ಕೈ ಹಿಡಿದು ಮತ್ತೆ ತನ್ನ ಕಣ್ಣಿನ ಮೇಲೆ ಒತ್ತಿಕೊಂಡ. ಬೇಡಿಯ ಜೊತೆ ಪೊಲೀಸನ ಕೈಯೂ ಮೇಲೆದ್ದು ಅವನ ಕೆನ್ನೆಯ ಪಕ್ಕ ನಿಂತಿತು. ಪೊಲೀಸ ಅದನ್ನು ಎಳೆದುಕೊಳ್ಳಲಿಲ್ಲ.