ಎರಡು ಗುಟುಕಿನ ಚಿಪ್ಪು

ಮೊದಲು ಬಿಸಿ ಟೀ ಮಾಯಣ್ಣನ ಮುಖಕ್ಕೆ ಬಿತ್ತು. ಹಿಂದೆಯೇ ಸಣ್ಣತಿಮ್ಮಯ್ಯನ ಮುಷ್ಟಿ ಬಂದು ಹುಬ್ಬು ಒಡೆಯಿತು. ಜಗಲಿಯಿಂದ ಅಂಗಳಕ್ಕೆ ಉರುಳಿದವನಿಗೆ ತಾನೇನು ತಪ್ಪು ಮಾಡಿದೆನೆಂದೇ ತಿಳಿಯಲಿಲ್ಲ. ಪಾಪ, ಬೆಳಗಿನಿಂದ ಪಟ್ಟ ಪಾಡೆಲ್ಲ ಈ ಗೆಳೆಯನಿಗಾಗಿಯೇ ಅಲ್ಲವೇ?

ಇಬ್ಬರೂ ಬಿಳಿಗೆರೆಯವರು. ಮಾಯಣ್ಣ ತೋಟವಿದ್ದ ಮನೆಯವನು, ಸಣ್ಣತಿಮ್ಮಯ್ಯ ಊರಾಚೆಯ ಕೇರಿಯವನು. ಒಟ್ಟಿಗೇ ಮಿಲಿಟ್ರಿ ಸೇರಿ, ಬಾಂಗ್ಲಾ ಯುದ್ಧದಲ್ಲಿ ಒಂದೇ ಮಗ್ಗಿನಿಂದ ನೀರು ಕುಡಿದವರು. ಕಲ್ಕತ್ತೆಯಲ್ಲಿ ಬೂಟು ಹೊಲಿಯುವ ಚೀನಾದ ಮುದುಕನೊಬ್ಬ ಇಬ್ಬರನ್ನೂ ಕೂರಿಸಿಕೊಂಡು ಪುಟ್ಟ ಬಟ್ಟಲುಗಳಲ್ಲಿ ಟೀ ಕೊಡುತ್ತಿದ್ದ. ಊರಿಗೆ ಹೊರಟಾಗ ಮಾಯಣ್ಣನಿಗೆ ಒಂದು ಡಬ್ಬಿ ಟೀ ಎಲೆ ಕೊಟ್ಟು, ಇದನ್ನು ಮಾಡಲು ಮೊದಲಿಗೇ ಸಾಮಾನು ಗುಡ್ಡೆ ಹಾಕಬೇಡ ಎಂದಿದ್ದ. ಎಲೆ ನೆನೆಸಲು ಮೂತಿಯಿರುವ ಚಿಕ್ಕ ಪಾತ್ರೆ, ಹದ ಸಮವಾಗಲು ಬಗ್ಗಿಸಿಕೊಳ್ಳುವ ಇನ್ನೊಂದು, ಎರಡು ಗುಟುಕು ಹಿಡಿಯುವ ಬಟ್ಟಲು, ಅಷ್ಟಿದ್ದರೆ ಸಾಕಂತೆ.

ಊರಿಗೆ ಬಂದ ಮೇಲೆ ಸಣ್ಣತಿಮ್ಮಯ್ಯ ಮಾಯಣ್ಣನ ಮನೆ ಕಡೆ ತಲೆ ಹಾಕಿರಲಿಲ್ಲ. ಗೋಗರೆದ ಮೇಲೆ ಇವತ್ತು ಬರಲೊಪ್ಪಿದ್ದ. ಮಿಲಿಟ್ರಿಯ ಗೆಳೆತನ ಊರಲ್ಲೂ ಉಳಿಯುತ್ತದೋ ಇಲ್ಲವೋ ಎಂಬುದು ಈ ಟೀಯಲ್ಲೇ ತೀರ್ಮಾನವಾಗಬೇಕಿತ್ತು.

ಮಗುವಿಗೆ ಹಾಲು ಕುಡಿಸುವ ಗಿಂಡಿ ಎಲೆ ನೆನೆಸಲು ಆಯಿತು. ಬಗ್ಗಿಸಿಕೊಳ್ಳಲು ಹೊಸ ಸ್ಟೀಲ್ ಚೊಂಬು ಸಿಕ್ಕಿತು. ಅಡುಗೆಮನೆಯ ಹಲಗೆಯ ಮೇಲಿದ್ದ ಪುಟ್ಟ ಸ್ಟೀಲ್ ಲೋಟಗಳಿಗೆ ಕೈ ಹಾಕಿದಾಗ ಮಾತ್ರ ಅವ್ವ ಪುಟ್ಟಗೌರಮ್ಮ ಒಲೆ ಮುಂದಿನಿಂದ ತಿರುಗಿ ನೋಡಿದಳು. ಸ್ಟೀಲು ರುಚಿ ಕೆಡಿಸುತ್ತದೆ ಎಂದು ಮಾಯಣ್ಣನೇ ಗೊಣಗಿ ಕೈ ಹಿಂದಕ್ಕೆಳೆದುಕೊಂಡ. ಹಿತ್ತಲಿನ ತೆಂಗಿನ ಚಿಪ್ಪಿನ ಗುಡ್ಡೆಯಿಂದ ಎರಡು ಸಣ್ಣ ಚಿಪ್ಪು ಆರಿಸಿ, ಗಾಜಿನ ಚೂರಿನಿಂದ ಹೆರೆದು, ಕೊಬ್ಬರಿ ಎಣ್ಣೆ ತಿಕ್ಕಿ ಮಿರಮಿರ ಮಿಂಚಿಸಿದ. ತೆಂಗಿನ ಸೀಮೆಗೆ ಇದಕ್ಕಿಂತ ಒಪ್ಪುವ ಬಟ್ಟಲುಂಟೇ ಎಂದು ಒಳಗೊಳಗೇ ಹಿಗ್ಗಿದ.

ಅದರಲ್ಲೊಂದನ್ನು ತುಂಬಿಸಿ ಗೆಳೆಯನ ಕೈಗಿತ್ತದ್ದೇ ತಡ, ಟೀ ಮುಖಕ್ಕೆ ಬಿದ್ದಿತ್ತು.

ಸಂತೆಬೀದಿಯ ಹೋಟೆಲಿನಲ್ಲಿ ಕೇರಿಯವರನ್ನು ಹೊರಗೇ ನಿಲ್ಲಿಸಿ ಚಿಪ್ಪಿನಲ್ಲಿ ಟೀ ಹುಯ್ಯುತ್ತಿದ್ದರು. ಒಮ್ಮೆ ಲೋಟ ಮುಟ್ಟಿದನೆಂದು ಸಣ್ಣತಿಮ್ಮಯ್ಯನ ಅಪ್ಪನನ್ನು ಬೀದಿಗೆಳೆದು, ಒದ್ದು, ಹಲ್ಲು ಉದುರಿಸಿದ್ದರು. ಆಗಿನ್ನೂ ಹುಡುಗರಾಗಿದ್ದ ಇವರಿಬ್ಬರೂ ನಿಂತು ನೋಡಿದ್ದರು. ಮಾಯಣ್ಣ ಅದನ್ನು ಮರೆತಿದ್ದ. ಮರೆಯಲು ಅವನಿಗೆ ಕಷ್ಟವೇನಿರಲಿಲ್ಲ.

ಈಗ ಅವನಿಗೂ ರೋಷ ಉಕ್ಕಿತು. ಎದ್ದವನೇ ಗುದ್ದಿದ. ಸಣ್ಣತಿಮ್ಮಯ್ಯನ ತುಟಿ ಸೀಳಿತು. ಹೊರಳಾಟದಲ್ಲಿ ಕಾಯಿ ಸುಲಿಯುವ ಗೂಟ ತಗುಲಿ ಅವನ ತೋಳಿನಿಂದ ರಕ್ತ ಧಾರೆಯಾಗಿ ಇಳಿಯಿತು. ಅವನು ಮಾಯಣ್ಣನನ್ನು ಕೆಡವಿ, ಎದೆಯ ಮೇಲೆ ಮೊಣಕಾಲೂರಿ, ಪಕ್ಕದಲ್ಲಿದ್ದ ಮಚ್ಚು ಎತ್ತಿದ. ಕೊಂದೇ ಬಿಡುತ್ತಾನೆ ಎಂದು ಮಾಯಣ್ಣ ಹೆದರಿದ. ನನಗಿಟ್ಟುಕೊಂಡದ್ದೂ ಚಿಪ್ಪೇ ನೋಡು ಎಂದು ಜಗಲಿಯ ಕಡೆ ಬೆರಳು ತೋರಿಸಿದ.

ಸಣ್ಣತಿಮ್ಮಯ್ಯ ನೋಡಿದ. ಮಚ್ಚು ನಿಧಾನವಾಗಿ ಕೆಳಗಿಳಿಯಿತು.

“ನೀನು ಚಿಪ್ನಾಗೆ ಕುಡುದ್ರೆ ಶೋಕಿ ಕಣ್ಲಾ. ನಾನು ಕುಡುದ್ರೆ ನಮ್ಮಪ್ಪನ ಹಲ್ಲು” ಎಂದ. ಏದುಸಿರು ಬಿಡುತ್ತಲೇ ಕೇಳಿದ: “ಒಳ್ಗೆ ಲೋಟ ಇರ್ಲಿಲ್ವಾ?”

“ಸ್ಟೀಲು ರುಚಿ ಕೆಡುಸ್ತದೆ ಅಂತ...”

ಸಣ್ಣತಿಮ್ಮಯ್ಯನ ಕಣ್ಣು ಜಗಲಿಯ ಮೇಲಿದ್ದ ಚೊಂಬಿನ ಮೇಲೆ ನಿಂತಿತು. ಮಾಯಣ್ಣನೂ ಅತ್ತ ನೋಡಿದ. ಹೊಸ ಸ್ಟೀಲು, ಅರ್ಧದವರೆಗೂ ಟೀ. ಬಾಗಿಲ ಮರೆಯಲ್ಲಿ ಅವ್ವ ನಿಂತಿದ್ದಳು.

ಸಣ್ಣತಿಮ್ಮಯ್ಯ ಮಚ್ಚು ಎಸೆದು ಮುಷ್ಟಿ ಬಿಗಿದ. ಈ ಸಲ ಮಾಯಣ್ಣ ಕೈ ಅಡ್ಡ ಹಿಡಿಯಲಿಲ್ಲ.