ಪೀಠವಿಲ್ಲದ ಕಲ್ಲು

ಹೇಳಿಬಿಡಲೇ? ಈಗಲೇ ಎದ್ದು ಹೋಗಿ ಹೇಳಿದರೆ ಏನಾದೀತು? ನಾಳೆಯಾದರೆ ಆಗದೇ? ನಾಳೆಗೆ ಎಲ್ಲರ ಸಿಟ್ಟೂ ಇಳಿದು, ಹೇಳುವ ಅಗತ್ಯವೇ ಇಲ್ಲದಂತಾದರೆ?

ಸೌದಿಯ ಜಿದ್ದಾದ ಒಂದು ಕಲಾ ಗ್ಯಾಲರಿಯ ಹಿಂದಿನ ಉಗ್ರಾಣದಲ್ಲಿ, ಖಾಲಿ ಪೆಟ್ಟಿಗೆಯ ಮೇಲೆ ಕುಳಿತ ದೊರೆಸ್ವಾಮಿಯ ಮನಸ್ಸು ಗಾಣದೆತ್ತಿನಂತೆ ಸುತ್ತುತ್ತಿತ್ತು. ಗೋಡೆಯಾಚೆ ಗ್ಯಾಲರಿಯ ಯಜಮಾನ ಅಬ್ಬರಿಸುತ್ತಿದ್ದ. ಅಬ್ಬರವೆಲ್ಲ ಜೊತೆಗೆಲಸದ ಹುಸೈನನ ಮೇಲೆ.

ಅದು ೨೦೧೫ರ ಚಳಿಗಾಲ. ಕೆನಡಾದ ಉತ್ತರದ ತುದಿಯ ಇನುಯಿಟ್ ಜನರ ಚಿತ್ರಗಳು ಪ್ರದರ್ಶನಕ್ಕೆ ಬಂದಿದ್ದವು. ಬರೆದವಳು ಅಲಾಸಿ ಎಂಬ ನಲವತ್ತರ ಹೆಂಗಸು. ಹಿಮಗುಡಿಸಲು, ನಾಯಿಬಂಡಿಗಳಿರುತ್ತವೆ ಎಂದುಕೊಂಡಿದ್ದ ದೊರೆಸ್ವಾಮಿಗೆ ಕಂಡದ್ದೇ ಬೇರೆ. ಕಿರಾಣಿ ಅಂಗಡಿಯ ಬರಿದಾದ ಕಪಾಟು. ಆಸ್ಪತ್ರೆಗೆ ಒಯ್ಯುವ ವಿಮಾನಕ್ಕೆ ಕಾದು ಕುಳಿತ ಮುದುಕಿ. ಅಡುಗೆಮನೆಯ ನೆಲಕ್ಕೆ ರಟ್ಟು ಹಾಸಿ ಮಾಂಸ ಕೊಯ್ಯುತ್ತಿರುವ ಮನೆಮಂದಿ. ಎಲ್ಲವೂ ಬಣ್ಣದ ಪೆನ್ಸಿಲಿನಲ್ಲಿ. ಅವುಗಳ ನಡುವೆ ಇಡಲು ಒಂದೇ ಒಂದು ಕಲ್ಲು ಬಂದಿತ್ತು: ಅವಳ ಅಜ್ಜಿ ಕೆತ್ತಿದ ಸೀಲ್ ಎಂಬ ಕಡಲಪ್ರಾಣಿ, ಅಂಗೈಯೊಳಗೆ ಅಡಗುವಷ್ಟು ಚಿಕ್ಕದು.

ಪೆಟ್ಟಿಗೆ ಬಿಚ್ಚಿ, ಫೋಟೊ ತೆಗೆದು, ಎಲ್ಲ ಸರಿಯಿದೆಯೆಂದು ಸಹಿ ಹಾಕುವುದು ಉಪ್ಪಿನಂಗಡಿಯ ಹುಸೈನನ ಕೆಲಸ. ವಸ್ತುಗಳನ್ನಿಡುವ ಮರದ ಕಟ್ಟೆಗಳನ್ನು ಮಾಡುವುದು ದೊರೆಸ್ವಾಮಿಯದು. ಅವನ ಇಕಾಮಾದಲ್ಲಿ, ಅಂದರೆ ಇಲ್ಲಿನ ವಾಸದ ಪರವಾನಗಿಯಲ್ಲಿ, ಇದ್ದದ್ದು ಬಡಗಿ ಎಂದು. ಮೈಸೂರಿನ ಶಿಲ್ಪಿಗಳ ಮನೆತನದವನು, ಹದಿನೆಂಟು ವರ್ಷ ದೇವರ ಮೂರ್ತಿ ಕೆತ್ತಿದವನು ಎಂಬುದನ್ನು ಮೂರ್ತಿಗಳನ್ನು ಒಪ್ಪದ ಈ ನಾಡಿನಲ್ಲಿ ಬಾಯಿಬಿಡಬೇಡವೆಂದು ಕಳಿಸಿಕೊಟ್ಟ ಏಜೆಂಟನೇ ಎಚ್ಚರಿಸಿದ್ದ. ಹುಸೈನನಿಗೂ ಅದು ಗೊತ್ತಿರಲಿಲ್ಲ.

ಹಿಂದಿನ ದಿನ ಅಳತೆ ತೆಗೆದುಕೊಳ್ಳಲೆಂದು ಕಲ್ಲನ್ನು ಇವನ ಕೈಗೆ ಕೊಟ್ಟು ಹುಸೈನ್ ಇಳಿಹೊತ್ತಿನ ಅಸರ್ ನಮಾಜಿಗೆ ಹೋಗಿದ್ದ. ಬೆರಳು ತಾಕಿದ ಕೂಡಲೇ ತಿಳಿಯಿತು, ಬಳಪದ ಕಲ್ಲು. ಆರು ವರ್ಷವಾಗಿತ್ತು ಅದನ್ನು ಮುಟ್ಟಿ. ಮೇಜಿನ ಮೇಲಿಟ್ಟರೆ ನಿಲ್ಲಲಿಲ್ಲ. ಗುಂಡು ಹೊಟ್ಟೆಯ ಮೇಲೆ ಹೊರಳಿ ಮಗುಚಿತು. ಪೀಠವಿಲ್ಲದ ಮೂರ್ತಿ ಹೊರುವವರಿಲ್ಲದ ಹೆಣ ಕಣೋ ಎನ್ನುತ್ತಿದ್ದರು ಅಪ್ಪ. ಪಾಪ, ಮುದುಕಿ ಮುಗಿಸುವ ಮುಂಚೆಯೇ ಸತ್ತಿರಬೇಕು ಎಂದುಕೊಂಡ. ಅರ ಹಿಡಿದು ಹೊಟ್ಟೆಯನ್ನು ಕಾಲು ಗಂಟೆ ಉಜ್ಜಿದ, ನಯ ಮಾಡಿದ, ಎಣ್ಣೆ ಸವರಿದ. ಸೀಲ್ ನಿಂತಿತು. ನಮಸ್ಕಾರ ಮಾಡಿಯೇ ಕೆಳಗಿಟ್ಟಿದ್ದ.

ಬೆಳಿಗ್ಗೆ ಅಲಾಸಿ ಬಂದವಳೇ ಅದನ್ನು ಎಡಗೈಗೆ ತೆಗೆದುಕೊಂಡಳು. ಮುಷ್ಟಿ ಮುಚ್ಚಿತು, ತಟ್ಟನೆ ತೆರೆಯಿತು. ಕೂಗಲಿಲ್ಲ, ಅಳಲಿಲ್ಲ.

"ಇದು ನಿಲ್ಲೋದಕ್ಕೆ ಮಾಡಿದ್ದಲ್ಲ," ಎಂದಳು ಇಂಗ್ಲಿಷಿನಲ್ಲಿ. "ಮಾರೋದಕ್ಕೆ ಕೆತ್ತಿದ್ದಕ್ಕೆಲ್ಲ ಅಜ್ಜಿ ಚಪ್ಪಟೆ ಅಡಿ ಮಾಡ್ತಿದ್ದಳು. ಇದು ನನ್ನ ಕೈಗೆ ಅಂತ ಮಾಡಿದ್ದು. ಬಲಗೈ ಬರೀವಾಗ ಎಡಗೈಲಿ ಇದಿರಬೇಕು."

ಹುಸೈನ್ ನಾಲ್ಕು ಫೋಟೊ ತೆಗೆದಿದ್ದ. ಅಡಿಭಾಗದ್ದೊಂದು ಇರಲಿಲ್ಲ. ಎಲ್ಲ ಸರಿಯಿದೆಯೆಂಬ ಹಾಳೆಯಲ್ಲಿ ಸಹಿ ಅವನದೇ.

ಉಗ್ರಾಣದ ಬಾಗಿಲು ತೆರೆದು ಹುಸೈನ್ ಒಳಬಂದ.

"ಎಂತ ದೊರೆಯಣ್ಣ, ಪೆಟ್ಟಿಗೆ ಮೇಲೆ ಕೂತು ಕಾವು ಕೊಡ್ತಿದ್ದೀರಾ?"

"ಏನಂದ್ರು?"

"ಎಕ್ಸಿಟ್ ಅಂತೆ. ಕೆಲಸ ಬಿಡಿಸಿ ಊರಿಗೆ ಕಳಿಸುದು. ಗುರುವಾರ. ನಾನು ಬೀಳಿಸಿ, ಒಡೆದ ಜಾಗ ಉಜ್ಜಿ ಮುಚ್ಚಿದ್ದಂತೆ."

"ಅಳತೆಗೆ ನಂಗೆ ಕೊಟ್ಟಿದ್ದೆಯಲ್ಲ. ಹೇಳ್ಲಿಲ್ವಾ?"

"ನಿಮ್ಮನ್ನೆಂತಕ್ಕೆ ಎಳೆಯುದು ಮಾರಾಯ್ರೆ? ಹಲಗೆಗೆ ಮೊಳೆ ಹೊಡೆಯುವವರಿಗೆ ಕಲ್ಲಿನ ವಿಷಯ ಎಂತ ಗೊತ್ತು?" ನಕ್ಕ ಹುಸೈನ್, ನಗು ಅರ್ಧಕ್ಕೇ ನಿಂತಿತು. "ಉಮ್ಮ ಬರುವ ತಿಂಗಳು ಮಕ್ಕಾಕ್ಕೆ ಉಮ್ರಾ ಯಾತ್ರೆಗೆ ಬರ್ತಾರೆ. ಮಗ ನಾನಿದ್ದೇನೆ, ಕೈ ಹಿಡಿದು ಕಾಬಾ ಸುತ್ತಿಸ್ತೇನೆ ಅಂತ ಹೇಳಿದ್ದೆ. ಅವರಿಗೆ ಮಂಡಿ ನೋವು."

ದೊರೆಸ್ವಾಮಿ ಪೆಟ್ಟಿಗೆಯಿಂದ ಎದ್ದು ಹುಸೈನನಿಗೆ ಕೂರಲು ಜಾಗ ಕೊಟ್ಟ.

ಸಂಜೆ ಅಲಾಸಿ ಕಲ್ಲನ್ನು ಸುತ್ತಿಡಲು ಬಟ್ಟೆ ಕೇಳಿಕೊಂಡು ಬಂದಳು. ದೊರೆಸ್ವಾಮಿ ಕೊಡುವಾಗ ಅವನ ಬೆರಳುಗಳನ್ನೇ ನೋಡಿದಳು.

"ಕಲ್ಲು ಕೆತ್ತುತ್ತೀಯಾ? ನಮ್ಮೂರಲ್ಲಿ ಸುಮಾರು ಜನರ ಕೈ ಹೀಗೇ ಇರುತ್ತೆ."

"ಇಲ್ಲ ಮೇಡಂ. ಬಡಗಿ."

ಅವಳು ಕಲ್ಲನ್ನು ಬಟ್ಟೆಯಲ್ಲಿ ಸುತ್ತಿದಳು. "ಉಜ್ಜಿದವನು ಕೆಲಸ ಬಲ್ಲವನು. ಒಂದು ಗೀರೂ ಇಲ್ಲ," ಎಂದು ಹೊರಟುಹೋದಳು. ಆ ಮಾತಿಗೆ ಅವನೊಳಗೆ ಹೆಮ್ಮೆಯೊಂದು ಮಿಸುಕಿತು. ಅದು ಗೊತ್ತಾಗಿ ತನ್ನ ಮೇಲೆಯೇ ಹೇಸಿಗೆಯಾಯಿತು.

ಗುರುವಾರ ಹುಸೈನನ ಬ್ಯಾಗನ್ನು ಶರಫಿಯಾ ಬಡಾವಣೆಯ ತಿರುವಿನವರೆಗೆ ಹೊತ್ತವನು ದೊರೆಸ್ವಾಮಿಯೇ. "ಉಮ್ಮ ಇಳಿಯುವ ದಿನ ಏರ್‌ಪೋರ್ಟಿಗೆ ಹೋಗಿ ಒಮ್ಮೆ ಮುಖ ತೋರಿಸಿ ದೊರೆಯಣ್ಣ. ನಮ್ಮ ಭಾಷೆ ಮಾತಾಡುವವರೊಬ್ಬರು ಸಿಕ್ಕಿದ್ರೆ ಅವರಿಗೆ ಧೈರ್ಯ," ಎಂದು ಹುಸೈನ್ ವ್ಯಾನು ಹತ್ತಿದ.

ಮರುತಿಂಗಳು ದೊರೆಸ್ವಾಮಿ ಹೋದ. ಉಮ್ರಾದ ಗುಂಪಿನಲ್ಲಿ ತಲೆಗೆ ಬಿಳಿ ಮಕ್ಕನ ಹೊದ್ದ ಹುಸೈನನ ಉಮ್ಮ ಹಲೀಮತ್ ಕುಂಟುತ್ತ ಬಂದರು. ಬಸ್ಸಿಗೆ ಇನ್ನೂ ಹೊತ್ತಿತ್ತು. ಅವರು ಅವನ ತೋಳು ಹಿಡಿದು ಕುಳಿತರು.

"ನನ್ನ ಮಗ ಎಂತ ತಪ್ಪು ಮಾಡಿದ ಮಗಾ? ಅವನು ಹೇಳುದೇ ಇಲ್ಲ. ನಿಮಗೆ ಗೊತ್ತುಂಟಲ್ಲ?"

"ಅವನೇನೂ ತಪ್ಪು ಮಾಡ್ಲಿಲ್ಲ ಅಮ್ಮ," ಎಂದ ದೊರೆಸ್ವಾಮಿ.

ಬಸ್ಸು ಬಂತು. ಕಲ್ಲನ್ನು ಉಜ್ಜಿದವನು ತಾನೆಂದು ಅವನು ಅವರಿಗೂ ಹೇಳಲಿಲ್ಲ, ಆಮೇಲೆ ಯಾರಿಗೂ ಹೇಳಲಿಲ್ಲ.